ಎರಡು ಸೀಸೆ, ಒಂದೇ ಮನೆ

ಹಿರೇಗೊಂಡಲ,
ಕ್ರಿ.ಶ. ೨೧೯೪, ವರ್ಷದ ಎರಡನೇ ಬೇಸಿಗೆಯ ಅಮಾವಾಸ್ಯೆ

ನಮಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ, ಬಾವಿಯ ನೀರನ್ನು ಇನ್ನೂ ನಂಬಿ ಕುಡಿಯುತ್ತಿರುವ ಹಿರಿಯರಿಗೆ,

ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸೀತು, ಮನ್ನಿಸಿ. ನಾನು ಜೈತುನಬಿ, ಇಲ್ಲಿಯ ‘ಹನಿಮನೆ’ಯಲ್ಲಿ ಕೆಲಸ ಮಾಡುವವಳು. ಊರಿನವರೆಲ್ಲ ವರ್ಷಕ್ಕೊಮ್ಮೆ ಸೀಸೆಯಲ್ಲಿ ಮೂತ್ರ ತಂದುಕೊಡುವ ಪ್ರಯೋಗಾಲಯಕ್ಕೆ ನಾವಿಟ್ಟ ಹೆಸರು ಅದು. ನೀರಿಗಾಗಿ ಆಳಕ್ಕೆ ಕೊರೆದಂತೆಲ್ಲ ನೆಲದಡಿಯ ಯುರೇನಿಯಂ ನಮ್ಮ ಬಾವಿಗಳಲ್ಲಿ ಬೆರೆತಿದೆ. ಆ ನೀರಿಗೆ ಬೇರೆ ಬಣ್ಣವಿಲ್ಲ, ವಾಸನೆಯಿಲ್ಲ. ವಿಷ ಮೈಯೊಳಗೆ ಹೋಗಿದೆಯೇ ಎಂಬುದನ್ನು ಮೂತ್ರವೇ ಹೇಳಬೇಕು. ಕುಡಿಯಲು ಮನೆಮನೆಗೂ ‘ಪಾಲುನೀರು’ ಬರುತ್ತದೆ, ಅಂದರೆ ಸೋಸಿ, ತಲೆಗಿಷ್ಟೆಂದು ಅಳೆದು ಕೊಡುವ ನೀರು. ಅಕ್ಕಿ ತೊಳೆದ ನೀರನ್ನೂ ನಾವು ಚೆಲ್ಲುವುದಿಲ್ಲ, ಅದರಲ್ಲೇ ಬೇಳೆ ಬೇಯಿಸುತ್ತೇವೆ.

ಹೋದ ವರ್ಷ ನೀಲಗಂಗವ್ವ ತನ್ನ ಮಗಳು ಸುಗಲಾಳೊಂದಿಗೆ ಬಂದಿದ್ದಳು. ಸುಗಲಾ ಹಸಿ ಬಾಣಂತಿ. ಮಗಳ ಸೀಸೆ ಚೊಕ್ಕವಾಗಿತ್ತು. ತಾಯಿಯದರಲ್ಲಿ ಯುರೇನಿಯಂ ಎಷ್ಟಿತ್ತೆಂದರೆ, ಯಂತ್ರ ಕೆಟ್ಟಿರಬೇಕೆಂದು ಮತ್ತೆ ಪರೀಕ್ಷಿಸಿದೆ. ಯಂತ್ರ ಸರಿಯಾಗಿಯೇ ಇತ್ತು. ಒಂದೇ ಮನೆ, ಒಂದೇ ಒಲೆ, ಹೀಗೇಕೆ? ನೀಲಗಂಗವ್ವನನ್ನು ಒಬ್ಬಳನ್ನೇ ಕರೆದು ಕೇಳಿದೆ.

“ಅಕಿ ಎದಿಹಾಲು ಬತ್ತಾಕ್ಹತ್ತಿತ್ತವ್ವಾ,” ಎಂದಳು. “ನನ್ನ ಪಾಲಿನ ನೀರೂ ಅಕಿಗೇ ಕೊಟ್ಟೆ. ನನಗ ಹಳೇ ಬಾವಿ ಸಾಕು. ಅಕಿ ಮುಂದ ಹೇಳಬ್ಯಾಡ.”

ಅಂದಿನಿಂದ ನಮ್ಮ ಮನೆಯ ನೀರಿನಲ್ಲೇ ಅವಳಿಗೂ ಕೊಟ್ಟೆ. ಪಟ್ಟಣದ ವೈದ್ಯರಲ್ಲಿಗೂ ಕರೆದೊಯ್ದೆ. ಆದರೆ ಅವಳ ಮೂತ್ರಪಿಂಡಗಳು ಆಗಲೇ ಸೋತಿದ್ದವು. ಮುಖ, ಕಾಲು ಬಾತುಕೊಂಡು, ಮೊಮ್ಮಗಳನ್ನು ಎತ್ತಿಕೊಳ್ಳಲಾರದೆ ಮಲಗಿದಳು. ಸಜ್ಜೆಯ ಕೊಯ್ಲಿಗೆ ಮೊದಲೇ ತೀರಿಹೋದಳು.

ಮಣ್ಣು ಮಾಡಿ ಬಂದ ಮೇಲೆ ಸುಗಲಾ ನನ್ನ ಕೈ ಹಿಡಿದು ಕಾರಣ ಕೇಳಿದಳು. ಆ ಮುಖ ನೋಡಿ ಸುಳ್ಳಾಡಲು ನನ್ನಿಂದಾಗಲಿಲ್ಲ. ಇದ್ದದ್ದನ್ನೆಲ್ಲ ಹೇಳಿದೆ. “ಹಂಗಾರ ಅವ್ವನ ನೀರು ನಾನೇ ಕುಡದೆ?” ಎಂದಳು. ಕೂಸು ಅವಳ ಎದೆಗೆ ಬಾಯಿಟ್ಟಿತ್ತು. ಅವಳು ಬಿಡಿಸಲಿಲ್ಲ.

ಹಿರಿಯರೇ, ನಿಮ್ಮ ಬಾವಿಗಳು ಇನ್ನೂ ಕೆಟ್ಟಿಲ್ಲದಿರಬಹುದು. ನೆಲವನ್ನು ಮತ್ತಷ್ಟು ಆಳಕ್ಕೆ ಕೊರೆಯುವ ಮೊದಲು ನೀರನ್ನು ಪರೀಕ್ಷೆಗೆ ಕೊಡಿ. ಅದನ್ನು ಕುಡಿದವರ ಮೂತ್ರವನ್ನೂ ಕೊಡಿ. ಅದರಲ್ಲಿ ನಾಚಿಕೆ ಏನಿದೆ? ನಾಳೆ ಸುಗಲಾ ತನ್ನ ಕೂಸಿನ ಮೊದಲ ಸೀಸೆ ತರುತ್ತಾಳೆ. ಅಜ್ಜಿ ಬಿಟ್ಟುಕೊಟ್ಟ ನೀರು ಕೂಸನ್ನು ಕಾಯ್ದಿದೆಯೇ ಎಂದು ಅದೇ ಹೇಳಬೇಕು. ಇಷ್ಟು ವರ್ಷ ಈ ಕೆಲಸ ಮಾಡಿದವಳಿಗೆ ಯಂತ್ರದ ಮುಂದೆ ಕೂರಲು ಈಗ ಭಯವಾಗುತ್ತಿದೆ.

ಜೈತುನಬಿ