ಮುಸುಕಿನೊಳಗೆ ಅಳೆದ ಗಾಳಿ

ಮಾಲಿನ್ಯ ನಿಯಂತ್ರಣ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಹಳೆಯ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಾರ್ಖಾನೆಗೆ ಎರಡನೆಯ ಕುಲುಮೆ ಹಾಕಲು ತಾವು ಅನುಮತಿ ಕೊಟ್ಟಿದ್ದೀರಿ. ಪಕ್ಕದ ಶಾಲೆಯ ಗಾಳಿ ಅತ್ಯಂತ ಶುದ್ಧ ಎಂಬ ವರದಿಯೇ ಅದಕ್ಕೆ ಆಧಾರವಂತೆ. ಆ ವರದಿ ಶುದ್ಧ ಸುಳ್ಳು. ನಿನಗೇನು ಗೊತ್ತು ಎನ್ನುತ್ತೀರಾ? ಅದನ್ನು ಸುಳ್ಳು ಮಾಡಿದವನೇ ನಾನು, ಆ ಶಾಲೆಯ ಕಾವಲುಗಾರ.

ಧೂಳು ಅಳೆಯುವ ಯಂತ್ರವನ್ನು ತಾರಸಿಯ ಮೇಲೆ ಕೂರಿಸಿದ ದಿನ ತಮ್ಮ ಸಹಾಯಕರು ಬೆರಳು ಅಲ್ಲಾಡಿಸಿ ಹೇಳಿದರು: "ಸರ್ಕಾರಿ ಮಿಷನ್ನು ಅಜ್ಜಾ, ಒಂಚೂರೂ ಧೂಳು ಕೂರದ ಹಾಗೆ ನೋಡ್ಕೋ." ಹೇಳುವವರು ಹೇಳಿದರೆ ಕೇಳುವವನಿಗೆ ಬುದ್ಧಿ ಬೇಡವೇ? ನನಗಿರಲಿಲ್ಲ. ಮನೆಯಿಂದ ದಪ್ಪ ಹೊದಿಕೆ ತಂದು ಎರಡು ಸುತ್ತು ಸುತ್ತಿ, ಹಗ್ಗದಿಂದ ಬಿಗಿದೆ. ಎಂಟು ತಿಂಗಳು! ಸಹಾಯಕರು ವಾರಕ್ಕೊಮ್ಮೆ ಬಂದು, ಹೊದಿಕೆ ಬಿಚ್ಚಿ, ಧೂಳು ಹಿಡಿಯಲೆಂದು ಒಳಗಿಟ್ಟಿದ್ದ ಕಾಗದವನ್ನು ಬೆಳ್ಳಗಿದ್ದಂತೆಯೇ ತೆಗೆದುಕೊಂಡು, "ಭೇಷ್" ಎಂದು ನನ್ನ ಬೆನ್ನು ತಟ್ಟುತ್ತಿದ್ದರು. ನಾನೋ ಹೊಟ್ಟೆಪಾಡಿನ ದಡ್ಡ. ಪದವಿಗಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿದ ಆ ಮಹಾನುಭಾವರಿಗೆ ಮುಸುಕು ಕಾಣಲಿಲ್ಲವೇ? ಅಥವಾ ಕಂಡು, ಒಳ್ಳೆಯದೇ ಆಯಿತು ಎಂದುಕೊಂಡರೇ?

ಆ ಎಂಟು ತಿಂಗಳೂ ನನ್ನ ಮೊಮ್ಮಗಳು ಅದೇ ಶಾಲೆಯ ಅಂಗಳದಲ್ಲಿ ಆಡಿದಳು. ಅವಳ ಮೇಲೆ ಧೂಳು ಕೂರಬಾರದೆಂದು ಯಾರೂ ಬೆರಳು ಅಲ್ಲಾಡಿಸಲಿಲ್ಲ. ಅವಳು ಸರ್ಕಾರಿ ಸೊತ್ತಲ್ಲವಲ್ಲ! ಏಳು ವರ್ಷದ ಮಗು. ಹತ್ತರವರೆಗೆ ಮಗ್ಗಿಯನ್ನು ಪಟಪಟ ಹೇಳುತ್ತಿದ್ದವಳು ಈಗ ಮೂರರಲ್ಲೇ ತಡವರಿಸಿ ನನ್ನ ಮುಖ ನೋಡುತ್ತಾಳೆ. ರಕ್ತದಲ್ಲಿ ಸೀಸ ಸೇರಿದೆ, ಹೋದದ್ದು ಪೂರ್ತಿ ಮರಳುವುದು ಅನುಮಾನ ಎಂದರು ವೈದ್ಯರು. "ಅಪ್ಪಾ, ಅಷ್ಟು ದಿನ ನೀನು ಕಾದಿದ್ದಾದ್ರೂ ಏನನ್ನ?" ಎಂದಳು ಮಗಳು.

ಹೋದ ಸೋಮವಾರ ಹೊದಿಕೆ ಕಿತ್ತೆಸೆದೆ. ಶನಿವಾರದ ಹೊತ್ತಿಗೆ ಕಾಗದ ಮಸಿಬಟ್ಟೆಯಾಗಿತ್ತು. ಅದನ್ನು ನೋಡಿ ಸಹಾಯಕರು ಏನೆಂದರು ಗೊತ್ತೇ? "ಮಿಷನ್ ಕೆಟ್ಟೋಗಿದೆ ಅಜ್ಜಾ. ನಾಳಿದ್ದು ಗಾಡಿ ಬರುತ್ತೆ, ರಿಪೇರಿಗೆ ತಗೊಂಡು ಹೋಗ್ತೀವಿ." ಆಹಾ, ಎಂಥ ಯಂತ್ರವಪ್ಪಾ! ಸುಳ್ಳು ಹೇಳುವಷ್ಟು ದಿನ ಗಟ್ಟಿಮುಟ್ಟಾಗಿತ್ತು, ನಿಜ ಹೇಳಿದ ವಾರವೇ ಕೆಟ್ಟಿತು.

ಸ್ವಾಮಿ, ಯಂತ್ರ ಇದ್ದಲ್ಲೇ ಇರಲಿ. ಕುಲುಮೆಯ ಅನುಮತಿಯನ್ನು ಇಂದೇ ರದ್ದು ಮಾಡಿ, ಶಾಲೆಯ ಎಲ್ಲ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ. ನನ್ನನ್ನು ಜೈಲಿಗೆ ಹಾಕುವುದಾದರೆ ಹಾಕಿ, ತಕರಾರಿಲ್ಲ. ಇಲ್ಲ, ಗಾಡಿ ಕಳಿಸಿಯೇ ತೀರುತ್ತೇವೆ ಎನ್ನುವಿರಾದರೆ ಕಳಿಸಿ. ಮೊಮ್ಮಗಳಿಗೆ ತಲೆ ಬಾಚಿ ಗೇಟಿನ ಹತ್ತಿರ ಕೂರಿಸಿರುತ್ತೇನೆ. ಅವಳನ್ನು ಒಯ್ದು, ಮೊದಲಿನಂತೆ ಮಾಡಿ ತಂದುಕೊಡಿ.

ಇಂತಿ,
ತಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ಪಾಪಿ ಅಜ್ಜ