ಅಣ್ಣನ ಲಾರಿಯ ಸೋರಿಕೆ

ಅಣ್ಣಾ, ನೀನಿದನ್ನು ಓದುವುದಿಲ್ಲ, ಗೊತ್ತು. ಬದುಕಿದ್ದಾಗಲೂ ನನ್ನ ಕಾಗದವನ್ನು ಎಲ್ಲಿ ಓದುತ್ತಿದ್ದೆ?

ನಿನ್ನ ಹಳೇ ಲಾರಿ ಇವತ್ತು ಹೋಯಿತು. ಡೀಸೆಲ್ ಸೋರುವುದು ನಿಂತರೆ ಮಾತ್ರ ಕೊಳ್ಳುತ್ತೇನೆ ಎಂದಿದ್ದ ಗಿರಾಕಿ. ಮೆಕ್ಯಾನಿಕ್‌ಗಳೆಲ್ಲ ಕೈಚೆಲ್ಲಿದ್ದರು. ನಾನು ಬಿಡುತ್ತೇನೆಯೇ? ಸೊಂಟ ಬಿದ್ದುಹೋಗುವಷ್ಟು ಹೊತ್ತು ಬಗ್ಗಿ ಪೈಪುಗಳನ್ನು ಒರೆಸಿದೆ. ನಿನ್ನ ಮಗಳ ಪೌಡರ್ ಕದ್ದು, ಮದುಮಗಳಿಗೆ ಬಳಿದಂತೆ ಬಳಿದು ಎಂಜಿನ್ ಓಡಿಸಿದೆ. "ಚಿಕ್ಕಪ್ಪಾ, ನನ್ನ ಡಬ್ಬಿ!" ಎಂದು ಅವಳು ಕಿರುಚುವಷ್ಟರಲ್ಲಿ ಫಿಲ್ಟರಿನ ಬಳಿ ಪೌಡರ್ ಒದ್ದೆಯಾಯಿತು. ಅಲ್ಲಿನ ತಾಮ್ರದ ವಾಷರ್ ಸವೆದಿತ್ತು.

ಆದರೂ, "ಸೋರೋ ಜಾಗ ಸಿಗ್ತಿಲ್ಲ ಅತ್ತಿಗೆ, ಮಾರೋದು ಬೇಡ ಬಿಡಿ" ಎಂದೆ.

"ಊರಿಗೆಲ್ಲ ಜಂಬ ಕೊಚ್ಕೋತೀಯಲ್ಲೋ!" ಎಂದರು. ಆಮೇಲೆ ಮೆಲ್ಲಗೆ, "ಲಾರಿ ಅಂಗಳದಲ್ಲಿದ್ರೆ ಅವರು ಮನೇಲಿದ್ದಾರೆ ಅಂತ್ಲೇ ಅನ್ಸುತ್ತೆ ಕಣೋ. ದಿನಾ ಅವರಿಗೂ ತಟ್ಟೆ ಇಟ್ಬಿಡ್ತೀನಿ. ಅದು ಹೋದ್ರೇನೇ ಒಳ್ಳೇದು."

ಹೊಸ ವಾಷರ್ ಹಾಕಿದೆ. ನಿನ್ನನ್ನು ದಿನವೂ ಸತಾಯಿಸುತ್ತಿದ್ದ ಎಂಜಿನ್ ಆ ಗಿರಾಕಿಯ ಕೈಗೆ ಒಂದೇ ಸಲಕ್ಕೆ ಶುರುವಾಯಿತು, ನಾಚಿಕೆಗೆಟ್ಟದ್ದು!

ಅತ್ತಿಗೆ ಊಟಕ್ಕೆ ಕರೆಯುತ್ತಿದ್ದಾರೆ. ನಿನ್ನ ಲಾರಿಯ ಡೀಸೆಲ್ ಮೆತ್ತಿದ ಕೈ ತೊಳೆಯಲು ಮನಸ್ಸಾಗದೆ ಖಾಲಿ ಅಂಗಳದಲ್ಲೇ ಕೂತಿದ್ದೇನೆ. ತುಂಬಾ ದಣಿವಾಗಿದೆ ಅಣ್ಣಾ. ನೀನಿದ್ದಿದ್ದರೆ, "ಒಂದು ವಾಷರ್ ಬದಲಾಯಿಸೋಕೆ ಇಷ್ಟು ಸುಸ್ತೇನೋ?" ಎಂದು ನಗುತ್ತಿದ್ದೆ.