ಬರಬೇಕಾದ ಒಡಪು

ಗಂಗಾವತಿ
ಶುಕ್ರವಾರ, 24 ಜನವರಿ 2025

ಮುನಿರಾಬಾದಿನಲ್ಲಿ ಒಬ್ಬರೇ ಬೇಯಿಸಿಕೊಂಡು ಉಣ್ಣುತ್ತಿರುವ ಯಜಮಾನರಿಗೆ ಭವಾನಿಯ ನಮಸ್ಕಾರಗಳು.

ಫೋನು ಮಾಡಿದರೆ ಎತ್ತುವುದಿಲ್ಲ, ಮೆಸೇಜು ಓದಿ ಸುಮ್ಮನಾಗುತ್ತೀರಿ. ಅದಕ್ಕೇ ಕಾಗದ ಬರೆದು, ನಮ್ಮ ಮೇಳದಲ್ಲಿ ದಪ್ಪು ಬಾರಿಸುವ ಜಿಲಾನಸಾಬರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರೆದುರು ಹರಿದು ಹಾಕಬೇಡಿ. ಪಾಪ, ಬಸ್ಸಿನಲ್ಲಿ ನಿಂತುಕೊಂಡು ಬಂದಿರುತ್ತಾರೆ.

ಭಾನುವಾರ ಕನಕಗಿರಿಯಲ್ಲಿ ಕಾರ್ಯಕ್ರಮ. ನನಗೆ ಭಯವಾಗಿದೆ. ನಾನೇ ಪದ ಕಟ್ಟಿ ನಾನೇ ಹಾಡುವವಳು. ಬೆನ್ನಿಗೆ ಯಾವ ಕಂಪನಿಯೂ ಇಲ್ಲ. ಹೊಸ ಪದ ಎಷ್ಟು ಕಟ್ಟಿದರೂ ಜನ ಕೂಗುವುದು ಒಂದನ್ನೇ: 'ಗಂಡನ ಒಡಪು ಹಾಡ್ರಿ ಅಕ್ಕಾರ!' ಅದನ್ನು ಬಿಟ್ಟರೆ ಮತ್ತೆ ಕರೆಯುವುದಿಲ್ಲ ಎಂದು ಸಂಘಟಕರು ಮುಖಕ್ಕೇ ಹೇಳಿದ್ದಾರೆ. ಹಾಡಿದರೆ ನೀವು ಮನೆಗೆ ಬರುವುದಿಲ್ಲ. ನಾನೇನು ಮಾಡಲಿ, ನೀವೇ ಹೇಳಿ.

ನಿಮ್ಮ ಸಿಟ್ಟು ತಪ್ಪೆನ್ನುವುದಿಲ್ಲ.

ಕಾಲುವಿ ಗೇಟ ಎತ್ತಿದರ ಊರಿಗೆಲ್ಲಾ ನೀರ ಬರತೈತಿ,
ಮನ್ಯಾಗ ಬಾಯಿ ತೆರಿ ಅಂದರ ಹಲ್ಲ ಕಚ್ಚತಾನ ಉಮಾಪತಿ

ಎಂದು ನಾನು ಹಾಡಿದ್ದು ಯಾರ್ಯಾರದೋ ಫೋನಿಗೆ ಹೋಯಿತು. ನೀರು ಕೇಳಲು ಬಂದ ರೈತರು ಕೂಡ ನೀವು ಕೆಲಸ ಮಾಡುವ ಕಾಲುವೆ ಗೇಟಿನ ಹತ್ತಿರ ನಿಂತು, 'ಉಮಾಪತಿಯವರ, ಗೇಟ ಆಮ್ಯಾಲ, ಮೊದಲ ಬಾಯಿ ತೆರೀರಿ' ಎಂದು ನಗುತ್ತಾರಂತೆ. ಕೇಳಿ ನನಗೂ ಬೇಜಾರಾಯಿತು.

ಆದರೆ ನೀವೂ ಸ್ವಲ್ಪ ನೆನಪು ಮಾಡಿಕೊಳ್ಳಿ. ನಮ್ಮ ಮದುವೆಯಲ್ಲಿ ನಾನು ಪ್ರಾಸ ಕೂಡಿಸಿ, ಒಡಪಿನಲ್ಲಿ ನಿಮ್ಮ ಹೆಸರು ಹೇಳಿದೆ. ನನ್ನ ಹೆಸರಿಟ್ಟು ಒಡಪು ಹೇಳುವ ಸರದಿ ನಿಮ್ಮದಾದಾಗ ಬೆವರಿ, ಬಾಯಿತುಂಬ ಬೂಂದಿ ಉಂಡಿ ತುರುಕಿಕೊಂಡು ಕುಳಿತಿರಿ. ಹೆಂಗಸರೆಲ್ಲ ನಕ್ಕರು. 'ಆಮ್ಯಾಲ ಹೇಳತೀನಿ' ಎಂದು ನನ್ನ ಕಿವಿಯಲ್ಲಿ ಅಂದಿರಿ. ನಾನು ಇನ್ನೂ ಕಾಯುತ್ತಿದ್ದೇನೆ. ಆ ಪದ ಕಟ್ಟಿದ್ದು ನಿಮ್ಮ ಮಾನ ಕಳೆಯಲಿಕ್ಕಲ್ಲ; ಕೆಣಕಿದರಾದರೂ ಹೇಳುತ್ತೀರೇನೋ ಎಂಬ ಆಸೆಗೆ. ಒಡಪಿಗೆ ಒಡಪು ಕೊಡುವುದು ಬಿಟ್ಟು ನೀವು ಬಟ್ಟೆಯ ಗಂಟು ಕಟ್ಟಿಕೊಂಡು ಮನೆ ಬಿಟ್ಟಿರಿ.

ಇರಲಿ. ಈಗ ನಿಮ್ಮ ಹೆಸರು ತೆಗೆದುಹಾಕಿದ್ದೇನೆ. 'ಉಮಾಪತಿ' ಇದ್ದಲ್ಲಿ 'ನನ್ನ ಪತಿ' ಎಂದು ಮಾಡಿದ್ದೇನೆ. ತಾಳಕ್ಕೂ ಚೆನ್ನಾಗಿ ಕೂತಿದೆ. ಇನ್ನು ನಿಮ್ಮನ್ನು ಯಾರೂ ಆಡಿಕೊಳ್ಳುವುದಿಲ್ಲ. ಕಾರ್ಯಕ್ರಮಕ್ಕೆ ಬರದಿದ್ದರೂ ಸರಿ, ಮನೆಗೆ ಬನ್ನಿ.

ನಿಮ್ಮ ಪಾಲಿನ ಮಾತನ್ನೂ ತಾನೇ ಆಡುವ,
ಭವಾನಿ

ತಾ.ಕ.: ಜಿಲಾನಸಾಬರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ಸುಳ್ಳು ಬರೆದು ಕಳಿಸಲು ಮನಸ್ಸಾಗುತ್ತಿಲ್ಲ. ತಾಳಕ್ಕೆ ಕೂತಿಲ್ಲ. ಆ ಜಾಗಕ್ಕೆ ಬಂದರೆ 'ನನ್ನ ಪತಿ' ಎನ್ನಲು ಬಾಯೇ ಬರುವುದಿಲ್ಲ, ನಿಂತುಬಿಡುತ್ತೇನೆ. ದಪ್ಪೂ ನಿಲ್ಲುತ್ತದೆ. 'ಉಮಾಪತಿಯಣ್ಣ ಬರೂತನಾ ಈ ಪದ ಮುಗಿಯಂಗಿಲ್ಲ ಬಿಡ್ರಿ' ಎಂದು ಜಿಲಾನಸಾಬರು ಕೈಚೆಲ್ಲಿದ್ದಾರೆ. ಭಾನುವಾರವೂ ನಾನು ಅಲ್ಲೇ ನಿಲ್ಲುತ್ತೇನೆ, ಜನ ಎಷ್ಟು ನಕ್ಕರೂ ನಗಲಿ. ಪಕ್ಕದಲ್ಲಿ ಇನ್ನೊಂದು ಮೈಕು ಇಡಲು ಹೇಳಿದ್ದೇನೆ. ಬಂದು ನನ್ನ ಹೆಸರು ಹೇಳಿ. ಪ್ರಾಸ ಕೂಡದಿದ್ದರೂ ನಡೆಯುತ್ತದೆ.